ಒಂದು ಆರೈಕೆ ಕೇಂದ್ರದಿಂದ ಇನ್ನೊಂದಕ್ಕೆ: ಡಿಮೆನ್ಷಿಯಾ ಇರುವ ಹಿರಿಯರನ್ನು ಕರೆದೊಯ್ಯುವ ಬಗೆ

ಮರೆವಿನ ಕಾಯಿಲೆ ಇರುವ ಹಿರಿಯರನ್ನು ಮೊದಲ ಸಲ ಆರೈಕೆ ಕೇಂದ್ರಕ್ಕೆ ಸೇರಿಸುವಾಗ ಸಲಹೆ ಕೊಡುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಆದರೆ ಆ ಕೇಂದ್ರದಿಂದ ಇನ್ನೊಂದಕ್ಕೆ ಕರೆದೊಯ್ಯಬೇಕಾಗಿ ಬಂದಾಗ ದಾರಿ ಹೇಳುವವರು ಕಡಿಮೆ. ಹೇಗೂ ಮನೆ ಬಿಟ್ಟಾಗಿದೆ, ಇದು ಅಷ್ಟು ಕಷ್ಟವಾಗಲಾರದು ಎಂದು ಹೆಚ್ಚಿನ ಕುಟುಂಬಗಳು ಭಾವಿಸುತ್ತವೆ. ನಾನೂ ಹಾಗೆಯೇ ಭಾವಿಸಿದ್ದೆ. ಮಲೆನಾಡಿನ ಹಳ್ಳಿಯೊಂದರಲ್ಲಿ ಐವತ್ತು ವರ್ಷ ಸಂಸಾರ ನಡೆಸಿದ ನನ್ನ ತಾಯಿ ಮೈಸೂರಿನ ಒಂದು ಕೇಂದ್ರದಲ್ಲಿ ಎರಡು ವರ್ಷ ಇದ್ದರು. ಅದನ್ನು ಮುಚ್ಚುತ್ತಾರೆಂದು ತಿಳಿದಾಗ ಬೆಂಗಳೂರಿನ ಇನ್ನೊಂದು ಕೇಂದ್ರಕ್ಕೆ ಸೇರಿಸಿದೆವು. ಬಟ್ಟೆ, ಔಷಧಿ, ಕಾಗದಪತ್ರ ಎಲ್ಲವೂ ಜೋಪಾನವಾಗಿ ತಲುಪಿದವು. ತಲುಪದೆ ಉಳಿದದ್ದು ಒಂದೇ ಒಂದು ವಿಷಯ: ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬಚ್ಚಲ ಒಲೆಗೆ ಬೆಂಕಿ ಹಾಕಲು ಹೊರಡುವುದು ಅವರ ಬಾಳಿನುದ್ದದ ಅಭ್ಯಾಸ, ಆ ಹೊತ್ತಿಗೆ ಒಂದು ಲೋಟ ಬಿಸಿ ಕಾಫಿ ಕೊಟ್ಟು ಅಡುಗೆಮನೆಯ ಬಾಗಿಲಲ್ಲಿ ಕೂರಿಸಿದರೆ ಸಮಾಧಾನವಾಗುತ್ತಾರೆ ಎಂಬುದು. ಹಳೆಯ ಕೇಂದ್ರದ ರಾತ್ರಿ ಪಾಳಿಯ ಆಯಾಗೆ ಇದು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಹೊಸ ಕೇಂದ್ರದವರು ಇದನ್ನು ರಾತ್ರಿಯ ಗಲಾಟೆಯೆಂದು ತಿಳಿದು ನಿದ್ದೆಯ ಮಾತ್ರೆ ಕೊಟ್ಟರು. ಅದರ ಮಂಪರಿನಲ್ಲಿ ಎದ್ದ ಅಮ್ಮ ಬಚ್ಚಲ ಬಾಗಿಲಲ್ಲಿ ಬಿದ್ದರು. ಆ ಬಳಿಕ ಯಾರ ಕೈಯನ್ನೂ ಹಿಡಿಯದೆ ಅವರು ನಡೆಯಲಿಲ್ಲ.

ಈ ಕಾಯಿಲೆ ಮುಂದುವರಿದಂತೆ ತನಗೇನು ಬೇಕು, ಎಲ್ಲಿ ನೋಯುತ್ತಿದೆ, ಯಾವುದಕ್ಕೆ ಹೆದರಿಕೆ ಎಂದು ಹೇಳಿಕೊಳ್ಳುವ ಶಕ್ತಿ ಕುಗ್ಗುತ್ತದೆ, ಮತ್ತು ಆ ತಿಳಿವಳಿಕೆ ದಿನವೂ ಉಣಿಸಿ, ಮೀಯಿಸಿ, ಮಲಗಿಸುವವರ ಬಳಿ ಉಳಿಯುತ್ತದೆ. ಅದು ಯಾವ ಕಡತದಲ್ಲೂ ಇರುವುದಿಲ್ಲ. ಆದ್ದರಿಂದ ಸ್ಥಳಾಂತರವೆಂದರೆ ಆ ತಿಳಿವಳಿಕೆಯನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವ ಕೆಲಸ. ಒಂದೂವರೆ ವರ್ಷದ ಬಳಿಕ ಅಮ್ಮನನ್ನು ಮತ್ತೊಮ್ಮೆ ಸ್ಥಳಾಂತರಿಸಬೇಕಾಗಿ ಬಂದಾಗ ಈ ಎಣಿಕೆಯಿಂದಲೇ ಹೊರಟೆವು, ಮತ್ತು ಆಗ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೋಗಲೇಬೇಕೆ?

ಕೇಂದ್ರ ಮುಚ್ಚುತ್ತಿದ್ದರೆ, ಖರ್ಚು ಕೈಮೀರಿದ್ದರೆ ಅಥವಾ ಅಲ್ಲಿ ಅವರನ್ನು ಹೊಡೆದು ಬಡಿದು ಮಾಡುತ್ತಿದ್ದರೆ ಈ ಪ್ರಶ್ನೆ ಏಳುವುದಿಲ್ಲ. ಆದರೆ "ಇವರನ್ನು ಇನ್ನು ಇಲ್ಲಿ ಇಟ್ಟುಕೊಳ್ಳಲಾಗುವುದಿಲ್ಲ, ತುಂಬಾ ಗಲಾಟೆ ಮಾಡುತ್ತಾರೆ" ಎಂದು ಕೇಂದ್ರದವರು ಹೇಳಿದಾಗ, ಆ ಗಲಾಟೆ ಯಾವಾಗ ಆರಂಭವಾಯಿತು ಎಂದು ಮೊದಲು ಕೇಳಬೇಕು. ತಿಂಗಳುಗಳಿಂದ ನಿಧಾನವಾಗಿ ಹೆಚ್ಚುತ್ತ ಬಂದಿದ್ದರೆ ಅದು ಕಾಯಿಲೆಯದೇ ನಡೆ ಇರಬಹುದು. ಎರಡು ಮೂರು ದಿನಗಳಲ್ಲಿ ಆಳೇ ಬದಲಾದಂತಾಗಿ, ಒಮ್ಮೆ ಕಿರುಚಿ ಇನ್ನೊಮ್ಮೆ ತೂಕಡಿಸುತ್ತಿದ್ದರೆ ಅದು ಬಹುಮಟ್ಟಿಗೆ ಡೆಲಿರಿಯಂ, ಎಂದರೆ ಮೈಯ ತೊಂದರೆಯಿಂದ ದಿಢೀರನೆ ಬರುವ ಬುದ್ಧಿಯ ಗೊಂದಲ, ಮತ್ತು ಅದರ ಹಿಂದೆ ಮೂತ್ರದ ಸೋಂಕು, ಕಟ್ಟಿಕೊಂಡ ಮಲ, ನೀರು ಸಾಲದಿರುವುದು, ಎದೆಯ ಕಫ, ರಕ್ತದಲ್ಲಿ ಕುಸಿದ ಸೋಡಿಯಂ ಅಥವಾ ನೆಗಡಿಗೆಂದು ಕೊಟ್ಟ ಮಂಪರು ಬರಿಸುವ ಮಾತ್ರೆ ಇರುತ್ತದೆ. ಇವುಗಳಿಗೆ ಚಿಕಿತ್ಸೆ ಇದೆ. ಆ ಸ್ಥಿತಿಯಲ್ಲಿ ಜಾಗ ಬದಲಿಸಿದರೆ ಗೊಂದಲ ಇಮ್ಮಡಿಯಾಗುವುದಲ್ಲದೆ, ಹೊಸ ಕೇಂದ್ರದವರು ಆ ಕೆಟ್ಟ ದಿನಗಳ ಮನುಷ್ಯನನ್ನೇ ನಿಜವಾದ ಮನುಷ್ಯನೆಂದು ತಿಳಿದು ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತಾರೆ. ವೈದ್ಯರಿಂದ ಪರೀಕ್ಷೆ ಮಾಡಿಸಿ, ಸೋಂಕು ಇಳಿಸಿ, ಆಮೇಲೆ ನಿರ್ಧರಿಸಿ. ಬೆಂಗಳೂರಿನ ಸುತ್ತಮುತ್ತ ಇರುವವರು ನಿಮ್ಹಾನ್ಸ್‌ನಲ್ಲಿ ತೋರಿಸಬಹುದು. ದೂರದ ಜಿಲ್ಲೆಗಳಲ್ಲಿ ಮೂತ್ರ ಮತ್ತು ರಕ್ತದ ಸಾಮಾನ್ಯ ಪರೀಕ್ಷೆಗಳನ್ನಾದರೂ ಹೊರಡುವ ಮೊದಲು ಮಾಡಿಸಲೇಬೇಕು.

ಹೊಸ ಜಾಗವನ್ನು ನೋಡುವಾಗ

ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ, ಎಂದರೆ ಶೇ. 7.4ರಷ್ಟು ಜನರಿಗೆ, ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿದೆ. ಇಷ್ಟು ಜನರಿಗೆ ಸಾಲುವಷ್ಟು ಕೇಂದ್ರಗಳು ನಮ್ಮಲ್ಲಿಲ್ಲ. ಸಾಮಾನ್ಯ ವೃದ್ಧಾಶ್ರಮಗಳಲ್ಲಿ ಹಲವು ಈ ಕಾಯಿಲೆಯವರನ್ನು ಸೇರಿಸಿಕೊಳ್ಳುವುದೇ ಇಲ್ಲ. ಸೇರಿಸಿಕೊಂಡರೂ ಕಾಯಿಲೆ ಬಲಿತಾಗ ಕಳುಹಿಸಿಬಿಡುತ್ತವೆ. ಹಾಗಾಗಿ ಹೊಸ ಕೇಂದ್ರದವರನ್ನು ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು, ಯಾವ ಸಂದರ್ಭದಲ್ಲಿ ನೀವು ಇವರನ್ನು ಹೊರಗೆ ಕಳುಹಿಸುತ್ತೀರಿ ಎಂಬ ಪ್ರಶ್ನೆಯನ್ನು. ಹಾಸಿಗೆ ಹಿಡಿದರೆ, ಮೂಗಿನ ಮೂಲಕ ಆಹಾರ ಕೊಡುವ ರೈಲ್ಸ್ ಟ್ಯೂಬ್ ಹಾಕಬೇಕಾಗಿ ಬಂದರೆ, ರಾತ್ರಿ ಕೂಗಿದರೆ, ಕೊನೆಯ ದಿನಗಳು ಬಂದರೆ ಇಟ್ಟುಕೊಳ್ಳುತ್ತೀರಾ ಎಂದು ಒಂದೊಂದಾಗಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಈ ಉತ್ತರ ಸ್ಪಷ್ಟವಿಲ್ಲದ ಕಡೆ ಸೇರಿಸುವುದೆಂದರೆ ಮತ್ತೊಂದು ಸ್ಥಳಾಂತರಕ್ಕೆ ಈಗಲೇ ಒಪ್ಪಿಕೊಂಡಂತೆ.

ಮಧ್ಯಾಹ್ನ ಮೂರಕ್ಕೆ ಹೋದರೆ ಎಲ್ಲ ಕೇಂದ್ರಗಳೂ ಚೆನ್ನಾಗಿಯೇ ಕಾಣುತ್ತವೆ. ಸಂಜೆ ಏಳರ ಹೊತ್ತಿಗೆ ಹೋಗಿ ನೋಡಿ. ಈ ಕಾಯಿಲೆಯವರಲ್ಲಿ ಹಲವರಿಗೆ ಹೊತ್ತು ಮುಳುಗುವಾಗ ಚಡಪಡಿಕೆ ಹೆಚ್ಚುತ್ತದೆ, ಅದೇ ಹೊತ್ತಿಗೆ ಪಾಳಿಯೂ ಬದಲಾಗಿ ಆಳುಗಳು ಕಡಿಮೆಯಾಗಿರುತ್ತಾರೆ. ರಾತ್ರಿ ಎಷ್ಟು ಜನರಿಗೆ ಎಷ್ಟು ಆಯಾಗಳು, ಹಾಸಿಗೆಯಿಂದ ಶೌಚಾಲಯದ ಬಾಗಿಲು ಕಾಣುತ್ತದೆಯೇ, ಅಲ್ಲಿ ರಾತ್ರಿಯಿಡೀ ದೀಪ ಉರಿಯುತ್ತದೆಯೇ, ಸ್ನಾನ ಬೇಡವೆಂದು ಹಟ ಹಿಡಿದವರನ್ನು ಏನು ಮಾಡುತ್ತಾರೆ ಎಂಬುದನ್ನು ನೋಡಿ ಕೇಳಿ ತಿಳಿಯಬೇಕು.

ಭಾಷೆಯ ವಿಷಯವನ್ನು ಹೆಚ್ಚಿನವರು ಹಗುರವಾಗಿ ತೆಗೆದುಕೊಳ್ಳುತ್ತಾರೆ, ಆದರೆ ನನ್ನ ಮಟ್ಟಿಗೆ ಕೋಣೆಯ ಅಂದಕ್ಕಿಂತ ಅದು ಎಷ್ಟೋ ಮುಖ್ಯ. ಕಾಯಿಲೆ ಮುಂದುವರಿದಂತೆ ಆಮೇಲೆ ಕಲಿತ ಭಾಷೆಗಳು ಮೊದಲು ಜಾರುತ್ತವೆ; ಬ್ಯಾಂಕಿನಲ್ಲಿ ಮೂವತ್ತು ವರ್ಷ ಇಂಗ್ಲಿಷಿನಲ್ಲಿ ವ್ಯವಹರಿಸಿದವರು ಕೊನೆಗೆ ತುಳುವಿಗೋ ಕೊಂಕಣಿಗೋ ತಮ್ಮ ಊರಿನ ಕನ್ನಡಕ್ಕೋ ಮರಳುತ್ತಾರೆ. ಬೆಂಗಳೂರಿನ ಕೇಂದ್ರಗಳಲ್ಲಿ ಆರೈಕೆ ಮಾಡುವವರಲ್ಲಿ ಅನೇಕರು ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯಿಂದ ಬಂದ ಹುಡುಗ ಹುಡುಗಿಯರು. ಅವರ ಅಕ್ಕರೆಯಲ್ಲಿ ಕೊರತೆಯಿಲ್ಲ, ಆದರೆ ಹಳ್ಳಿಯ ಅಜ್ಜ "ಹೊರಗೆ ಹೋಗಬೇಕು" ಎಂದರೆ ಶೌಚಕ್ಕೆ ಹೋಗಬೇಕೆಂದು ಅರ್ಥ ಎಂಬುದು ಅವರಿಗೆ ತಿಳಿಯುವುದಿಲ್ಲ. ತಪ್ಪಿಸಿಕೊಂಡು ಹೋಗುತ್ತಾರೆಂದು ಬಾಗಿಲು ಹಾಕುತ್ತಾರೆ, ಅಜ್ಜ ಬಾಗಿಲು ಬಡಿಯುತ್ತಾರೆ, ಬಟ್ಟೆ ಒದ್ದೆಯಾಗುತ್ತದೆ, ಕಡತದಲ್ಲಿ "ಆಕ್ರಮಣಕಾರಿ" ಎಂದು ದಾಖಲಾಗುತ್ತದೆ. ಪ್ರತಿ ಪಾಳಿಯಲ್ಲಿ ಹಿರಿಯರ ಭಾಷೆ ಬಲ್ಲವರು ಒಬ್ಬರಾದರೂ ಇರುವ ಕೇಂದ್ರವನ್ನು ಹುಡುಕಿ. ಸಿಗದಿದ್ದರೆ ನೀರು, ಹಸಿವು, ನೋವು, ಚಳಿ, ಒಂದಕ್ಕೆ, ಎರಡಕ್ಕೆ, ಸಾಕು, ಬೇಡ ಎಂಬಂಥ ಹತ್ತು ಹನ್ನೆರಡು ಮಾತುಗಳನ್ನು ಹಿಂದಿಯಲ್ಲಿ ಅರ್ಥಸಹಿತ ಬರೆದು ಹಾಸಿಗೆಯ ಬಳಿ ಅಂಟಿಸಿ.

ಹಳೆಯ ಜಾಗದಲ್ಲಿ ಎರಡು ದಿನ

ಹೊರಡುವುದಕ್ಕೆ ಒಂದು ವಾರ ಮೊದಲು ಹಳೆಯ ಕೇಂದ್ರದಲ್ಲಿ ಎರಡು ದಿನ, ಸಾಧ್ಯವಾದರೆ ಒಂದು ರಾತ್ರಿ ಕೂಡ, ಕಳೆಯಿರಿ. ಮ್ಯಾನೇಜರ್ ಕೊಡುವ ವರದಿಗಿಂತ ನಿಮಗೆ ಬೇಕಾಗಿರುವುದು ಸ್ನಾನ ಮಾಡಿಸುವವರ, ಊಟ ಮಾಡಿಸುವವರ, ರಾತ್ರಿ ಪಾಳಿಯವರ ಮಾತು. ಅವರ ಜೊತೆ ಕುಳಿತು, ನೋಡಿ, ಕೇಳಿ, ಬರೆದುಕೊಳ್ಳಿ. "ಇವರು ಹೇಗಿದ್ದಾರೆ" ಎಂದು ಕೇಳಿದರೆ "ಚೆನ್ನಾಗಿದ್ದಾರೆ" ಎಂಬ ಉತ್ತರ ಬರುತ್ತದೆ, ಅಷ್ಟೇ. ಮಾತ್ರೆಯನ್ನು ಯಾವುದರ ಜೊತೆ ಕೊಡುತ್ತೀರಿ, ಸಿಟ್ಟು ಬರುವ ಮೊದಲು ಮುಖ ಹೇಗಾಗುತ್ತದೆ, ಯಾರು ಕರೆದರೆ ಬರುತ್ತಾರೆ, ಯಾರು ಕರೆದರೆ ಬರುವುದಿಲ್ಲ ಎಂದು ಬಿಡಿಬಿಡಿಯಾಗಿ ಕೇಳಬೇಕು. ಅನುಮತಿಯಿದ್ದರೆ ಊಟ ಮಾಡಿಸುವ ಮತ್ತು ನಡೆಸುವ ರೀತಿಯನ್ನು ಫೋನಿನಲ್ಲಿ ಒಂದೆರಡು ನಿಮಿಷ ಚಿತ್ರಿಸಿಕೊಳ್ಳಿ. ಯಾವ ಕೈ ಹಿಡಿದು, ಎಷ್ಟು ನಿಧಾನವಾಗಿ ಎಬ್ಬಿಸುತ್ತಾರೆ ಎಂಬುದನ್ನು ಬರೆದು ತಿಳಿಸುವುದು ಕಷ್ಟ. ಸ್ನಾನದ ಚಿತ್ರ ಮಾತ್ರ ಬೇಡ.

ಹೀಗೆ ಸಿಕ್ಕಿದ್ದನ್ನೆಲ್ಲ ಒಂದೇ ಹಾಳೆಯ ಎರಡು ಮಗ್ಗುಲಿಗೆ ಇಳಿಸಿ. ಹತ್ತು ಪುಟ ಬರೆದರೆ ರಾತ್ರಿ ಪಾಳಿಯವರು ಓದುವುದಿಲ್ಲ. ಮೊದಲ ಸಾಲು ಅವರನ್ನು ಹೇಗೆ ಕರೆಯಬೇಕೆಂಬುದು: ನಲವತ್ತು ವರ್ಷ ಪಾಠ ಹೇಳಿದವರು "ತಾತ" ಎಂದರೆ ತಿರುಗಿ ನೋಡದೆ "ಮೇಷ್ಟ್ರೇ" ಎಂದ ಕೂಡಲೇ ಎದ್ದು ನಿಲ್ಲಬಹುದು. ಸ್ನಾನದ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಿರಿ, ಏಕೆಂದರೆ ಜಗಳಗಳು ಹುಟ್ಟುವುದು ಹೆಚ್ಚಾಗಿ ಅಲ್ಲಿಯೇ. ಬಕೆಟ್ಟು ಚೊಂಬಿನಲ್ಲಿ ಸ್ನಾನ ಮಾಡಿ ರೂಢಿಯಿರುವವರಿಗೆ ಮೇಲಿನಿಂದ ಸುರಿಯುವ ಶವರ್ ಹೊಡೆತದಂತೆ ಅನ್ನಿಸುತ್ತದೆ; ಮೊದಲು ಕಾಲಿಗೆ ನೀರು ಹಾಕಿ ಆಮೇಲೆ ಮೈಗೆ ಹಾಕಿದರೆ ಸುಮ್ಮನಿರುತ್ತಾರೆ; ಹಳೆಯ ಕಾಲದ ಹೆಂಗಸರು ಮೈಮೇಲೆ ಒಂದು ಬಟ್ಟೆ ಇಲ್ಲದೆ ಬೇರೆಯವರ ಎದುರು ನಿಲ್ಲಲಾರರು. ಕಳುವಿನ ಭಯಕ್ಕೆ ತಾಳಿ ತೆಗೆಸುವ ಕೇಂದ್ರಗಳಿವೆ, ಅದು ಸರಿಯೂ ಹೌದು, ಆದರೆ ಅರವತ್ತು ವರ್ಷ ಕೊರಳಲ್ಲಿದ್ದದ್ದು ಒಮ್ಮೆಲೇ ಇಲ್ಲವಾದರೆ ದಿನವಿಡೀ ಹುಡುಕುತ್ತಾರೆ. ಅರಿಶಿನದ ದಾರ ಕಟ್ಟಿದರೆ ಆ ಹುಡುಕಾಟ ನಿಲ್ಲಬಹುದು. ಜಪಮಾಲೆ, ತಸ್ಬೀಹ್, ತಲೆಯ ಮೇಲಿನ ಸೆರಗು, ಹಣೆಯ ವಿಭೂತಿ ಇವೆಲ್ಲವೂ ಹೀಗೆಯೇ; ಏನು ಮರೆತರೂ ಬೆರಳುಗಳು ಅವನ್ನು ಮರೆತಿರುವುದಿಲ್ಲ.

ಊಟದ ಬಗ್ಗೆ: ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ, ಮೇಲೆ ಮಜ್ಜಿಗೆ ಬಡಿಸಿದರೆ ಕೆಲವರಿಗೆ ಊಟವೇ ಕಾಣಿಸುವುದಿಲ್ಲ, ಹಾಗಾಗಿ ಸ್ಟೀಲ್ ಅಥವಾ ಬಣ್ಣದ ತಟ್ಟೆ ಬೇಕೆಂದು ಬರೆಯಿರಿ. ಚಮಚ ಕೊಟ್ಟರೆ ತಿನ್ನದವರು ಕೈಯಲ್ಲಿ ಕಲಸಿ ತಿನ್ನಬಹುದು. ಏಕಾದಶಿಯೆಂದೋ ರೋಜಾ ಎಂದೋ ಮನಸ್ಸಿನಲ್ಲಿ ಹೊಕ್ಕು ಊಟ ನಿರಾಕರಿಸುವವರಿಗೆ ಏನು ಹೇಳಿದರೆ ಒಪ್ಪುತ್ತಾರೆ, ಕುಡಿಯುವಾಗ ಕೆಮ್ಮು ಬರುತ್ತದೆಯೇ, ನೀರನ್ನು ಗಂಜಿಯ ಹದಕ್ಕೆ ಮಂದ ಮಾಡಿ ಕೊಡಬೇಕೆ ಎಂಬುದೂ ಇರಲಿ. ನೋವನ್ನು ಹೇಗೆ ತೋರಿಸುತ್ತಾರೆ ಎಂಬುದಕ್ಕೆ ಒಂದು ಸಾಲು ಮೀಸಲಿಡಿ. ನನ್ನ ತಾಯಿ ಮಂಡಿ ನೋವಿಗೆ ಹಾಸಿಗೆಯ ಅಂಚನ್ನು ತಿಕ್ಕುತ್ತಿದ್ದರು, ಮಂಡಿಯನ್ನಲ್ಲ.

ಔಷಧಿ, ಕಾಗದಪತ್ರ

ಔಷಧಿಗಳ ಪಟ್ಟಿಯನ್ನು ಹಳೆಯ ಚೀಟಿಯಿಂದ ನಕಲು ಮಾಡದೆ, ಈಗ ನಿಜವಾಗಿ ಕೊಡುತ್ತಿರುವ ಮಾತ್ರೆಗಳನ್ನು ಡಬ್ಬಿಯಿಂದ ನೋಡಿಯೇ ಬರೆಯಿರಿ. ಎರಡಕ್ಕೂ ವ್ಯತ್ಯಾಸವಿರುವುದು ಅಪರೂಪವಲ್ಲ. ಹೊರಡುವ ದಿನದ ಕೊನೆಯ ಡೋಸ್ ಎಷ್ಟು ಹೊತ್ತಿಗೆ ಕೊಟ್ಟರು, ಕೊನೆಯ ಬಾರಿ ಮಲವಿಸರ್ಜನೆ ಆದದ್ದು ಯಾವಾಗ, ಮೂತ್ರದ ನಳಿಕೆ (ಕ್ಯಾತಿಟರ್) ಇದ್ದರೆ ಬದಲಿಸಿದ ದಿನಾಂಕ ಯಾವುದು ಎಂಬುದು ಜೊತೆಗಿರಲಿ. ಕನಿಷ್ಠ ಹದಿನೈದು ದಿನದ ಔಷಧಿಯನ್ನು ಕೈಯಲ್ಲಿಟ್ಟುಕೊಂಡು ಹೊರಡಿ.

ಈ ಕಾಯಿಲೆಗೆ ಕೊಡುವ ರಿವಾಸ್ಟಿಗ್ಮಿನ್ ಔಷಧಿಯ ಪ್ಯಾಚ್ (ಚರ್ಮಕ್ಕೆ ಅಂಟಿಸುವ ಪಟ್ಟಿ) ಹಾಕುತ್ತಿದ್ದವರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅದನ್ನು ಬೆನ್ನಿಗೋ ತೋಳಿಗೋ ಅಂಟಿಸಿರುವುದರಿಂದ ಹೊಸ ಕೇಂದ್ರದ ಸಿಸ್ಟರ್ ನೋಡದೆ ಇನ್ನೊಂದನ್ನು ಅಂಟಿಸುವ ಸಂಭವವಿದೆ, ಮತ್ತು ಎರಡು ಪ್ಯಾಚ್ ಒಟ್ಟಿಗೆ ಮೈಮೇಲಿದ್ದರೆ ಔಷಧಿ ಮಿತಿಮೀರಿ ವಾಂತಿ, ನಾಡಿ ಇಳಿಯುವುದು, ಕುಸಿದು ಬೀಳುವುದು ಎಲ್ಲವೂ ಆಗಬಹುದು. ಹಸ್ತಾಂತರದ ಹೊತ್ತಿಗೆ ಪ್ಯಾಚ್ ಇರುವ ಜಾಗವನ್ನು ತೋರಿಸಿಯೇ ಬನ್ನಿ. ಗಡಿಬಿಡಿಯಲ್ಲಿ ಮೂರು ದಿನಕ್ಕಿಂತ ಹೆಚ್ಚು ಕಾಲ ತಪ್ಪಿಹೋದರೆ ಹಳೆಯ ಪ್ರಮಾಣದಲ್ಲಿ ಮತ್ತೆ ಹಚ್ಚಬಾರದು; ವೈದ್ಯರನ್ನು ಕೇಳಿ ಕಡಿಮೆ ಪ್ರಮಾಣದಿಂದ ಮತ್ತೆ ಆರಂಭಿಸಬೇಕು.

ಡಿಮೆನ್ಷಿಯಾದ ಬಗೆಗಳಲ್ಲಿ ಒಂದಾದ ಲೂಯಿ ಬಾಡಿ ಡಿಮೆನ್ಷಿಯಾ ಎಂದು ರೋಗನಿರ್ಣಯವಾಗಿದ್ದರೆ ಅದನ್ನು ಕಡತದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆಸಿ. ಚಡಪಡಿಕೆ ತಡೆಯಲು ಸಾಮಾನ್ಯವಾಗಿ ಬಳಸುವ ಹ್ಯಾಲೊಪೆರಿಡಾಲ್‌ನಂಥ ಔಷಧಿ ಅವರ ಜೀವಕ್ಕೇ ಅಪಾಯ ತರಬಲ್ಲದು. ಉಳಿದವರಿಗೂ ಈ ಬಗೆಯ ಔಷಧಿಗಳು ನಿರಪಾಯವಲ್ಲ. ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಇವು ಸಾವಿನ ಸಂಭವವನ್ನು ಹೆಚ್ಚಿಸುತ್ತವೆಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಈ ಗುಂಪಿನ ಹೊಸ ಔಷಧಿಗಳ ಬಗ್ಗೆ 2005ರಲ್ಲಿ, ಹ್ಯಾಲೊಪೆರಿಡಾಲ್‌ನಂಥ ಹಳೆಯವುಗಳ ಬಗ್ಗೆ 2008ರಲ್ಲಿ ಎಚ್ಚರಿಸಿದೆ. ಹೊಸ ಕೇಂದ್ರದವರು ಮೊದಲ ವಾರದಲ್ಲಿಯೇ ಇಂಥದ್ದನ್ನು ಸೂಚಿಸಿದರೆ ಯಾವ ಕಾರಣಕ್ಕೆ, ಎಷ್ಟು ಪ್ರಮಾಣ, ಯಾವ ದಿನ ನಿಲ್ಲಿಸುತ್ತೀರಿ ಎಂಬ ಮೂರು ಪ್ರಶ್ನೆಗಳನ್ನು ವೈದ್ಯರಿಗೆ ಕೇಳುವುದು ನಿಮ್ಮ ಹಕ್ಕು.

ಮೈಮೇಲೆ ಹುಣ್ಣು, ಗಾಯ, ಬಾವು ಇದ್ದರೆ ಹೊರಡುವ ಬೆಳಿಗ್ಗೆ ಸಿಸ್ಟರ್ ಎದುರಿನಲ್ಲಿಯೇ ದಿನಾಂಕ ಸಹಿತ ದಾಖಲಿಸಿ, ತಲುಪಿದ ಕೂಡಲೇ ಅಲ್ಲಿಯೂ ಹಾಗೆಯೇ ಮಾಡಿಸಿ. ಬೆಡ್‌ಸೋರ್ ಎಲ್ಲಿ ಆಯಿತೆಂಬ ವಾದ ಆಮೇಲೆ ಯಾರಿಗೂ ಒಳ್ಳೆಯದಲ್ಲ.

ಕಾನೂನಿನ ಬಗ್ಗೆ ಎರಡು ಮಾತು. ತಂದೆ ತಾಯಿ ಬರೆದುಕೊಟ್ಟ ಪವರ್ ಆಫ್ ಅಟಾರ್ನಿ ತಮ್ಮ ಬಳಿ ಇದೆಯೆಂದು ಅನೇಕ ಮಕ್ಕಳು ನಿಶ್ಚಿಂತರಾಗಿರುತ್ತಾರೆ. ಆದರೆ ಭಾರತೀಯ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ ಬರೆದುಕೊಟ್ಟವರು ಸ್ವಸ್ಥಚಿತ್ತ ಕಳೆದುಕೊಂಡಾಗ ಅದು ಕೊನೆಗೊಳ್ಳುತ್ತದೆ. ಆಸ್ತಿ ಮಾರಿ ಹೊಸ ಕೇಂದ್ರದ ಖರ್ಚು ಹೊಂದಿಸುವ ಯೋಜನೆಯಿದ್ದರೆ ಮೊದಲೇ ವಕೀಲರನ್ನು ಕಾಣಿರಿ. ಚಿಕಿತ್ಸೆಯ ವಿಷಯ ಬೇರೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ, ಇನ್ನೂ ತಿಳಿವಳಿಕೆ ಇರುವಾಗ, ಸಾದಾ ಕಾಗದದ ಮೇಲೆ ಸಹಿ ಅಥವಾ ಹೆಬ್ಬೆಟ್ಟು ಒತ್ತಿ ತಮ್ಮ ನಾಮನಿರ್ದೇಶಿತ ಪ್ರತಿನಿಧಿಯನ್ನು ಹೆಸರಿಸಬಹುದು. ಪಿಂಚಣಿದಾರರಾದರೆ ನವೆಂಬರಿನಲ್ಲಿ ಕೊಡಬೇಕಾದ ಜೀವನ್ ಪ್ರಮಾಣ್ (ಬದುಕಿದ್ದಾರೆಂಬ ಪ್ರಮಾಣಪತ್ರ) ನೆನಪಿರಲಿ. 80 ದಾಟಿದವರು ಅಕ್ಟೋಬರಿನಿಂದಲೇ ಕೊಡಬಹುದು, ಬೆರಳಚ್ಚು ಮೂಡದವರಿಗೆ ಫೋನಿನಲ್ಲಿ ಮುಖ ತೋರಿಸಿ ಮಾಡುವ ಸೌಲಭ್ಯವಿದೆ. ಹಳೆಯ ಕೇಂದ್ರದ ನೋಟಿಸ್ ಅವಧಿ ಮತ್ತು ಠೇವಣಿ ಮರಳಿಸುವ ದಿನಾಂಕವನ್ನು ಬರಹದಲ್ಲಿ ಪಡೆದುಕೊಳ್ಳಿ.

ಹೇಳುವುದೋ, ಬೇಡವೋ

ಇದಕ್ಕೆ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. ಮಾತು ಅರ್ಥವಾಗುವ ಹಂತದಲ್ಲಿರುವವರಿಗೆ ಹೇಳಲೇಬೇಕು, ಸಾಧ್ಯವಾದರೆ ಹೊಸ ಜಾಗವನ್ನು ಒಮ್ಮೆ ತೋರಿಸಿ, ಅಲ್ಲಿ ಕಾಫಿ ಕುಡಿಸಿ ಕರೆತರಬೇಕು. ಅಮಾವಾಸ್ಯೆಯಂದು ಹೊರಡುವುದು ಬೇಡ ಎಂದರೆ ದಿನ ಬದಲಿಸಿ. ಅವರಿಗೆ "ಅರಳು ಮರಳು" ಎಂದು ಆ ಮಾತನ್ನು ತಳ್ಳಿಹಾಕಿದರೆ, ಅವರ ಕೈಯಲ್ಲಿ ಇನ್ನೂ ಉಳಿದಿರುವ ಒಂದು ತೀರ್ಮಾನವನ್ನೂ ಕಿತ್ತುಕೊಂಡಂತಾಗುತ್ತದೆ. ಹೇಳಿದ್ದನ್ನು ಗಳಿಗೆಯಲ್ಲಿ ಮರೆತು ಆತಂಕವನ್ನು ಮಾತ್ರ ಉಳಿಸಿಕೊಳ್ಳುವವರಿಗೆ ವಾರ ಮೊದಲೇ ಹೇಳುವುದು ದಿನಕ್ಕೆ ಹತ್ತು ಸಲ ಅದೇ ಆಘಾತ ಕೊಟ್ಟಂತೆ. ಅಂಥವರಿಗೆ ಹೊರಡುವ ಬೆಳಿಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. ಆದರೆ "ಮನೆಗೆ ಹೋಗುತ್ತಿದ್ದೇವೆ" ಎಂದು ಮಾತ್ರ ಹೇಳಬೇಡಿ. ಕಾರು ನಿಂತು ಬಾಗಿಲು ತೆಗೆದಾಗ ಅಪರಿಚಿತ ಗೇಟು ಕಂಡರೆ, ಅಲ್ಲಿಂದ ಮುಂದೆ ನಿಮ್ಮ ಕೈ ಹಿಡಿಯಲೂ ಅವರು ಹಿಂಜರಿಯುತ್ತಾರೆ.

ಹೊರಡುವ ದಿನ

ವಾರದ ಮೊದಲ ಭಾಗದ ಒಂದು ದಿನ, ಸ್ನಾನ ತಿಂಡಿ ಮುಗಿಸಿ ಹತ್ತರ ಸುಮಾರಿಗೆ ಹೊರಡಿ. ಶನಿವಾರ ಭಾನುವಾರಗಳಂದು, ಯುಗಾದಿ ದೀಪಾವಳಿಯ ಆಸುಪಾಸಿನಲ್ಲಿ ವೈದ್ಯರೂ ಅನುಭವಿ ಆಯಾಗಳೂ ರಜೆಯಲ್ಲಿರುತ್ತಾರೆ. ಚಾಲಕರಲ್ಲದೆ ಇಬ್ಬರು ಜೊತೆಗಿರಬೇಕು. ಒಬ್ಬರು ಹಿಂದಿನ ಸೀಟಿನಲ್ಲಿ ಪಕ್ಕದಲ್ಲೇ ಕೂರಬೇಕು, ಆ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿರಬೇಕು. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬರುವಂಥ ದೂರದ ಪ್ರಯಾಣವಾದರೆ ಶೌಚಕ್ಕೆ ನಿಲ್ಲಿಸುವ ಜಾಗಗಳನ್ನು ಮೊದಲೇ ಗೊತ್ತುಮಾಡಿ, ವಾಂತಿಯ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಕೊಡಿ, ಏಕೆಂದರೆ ಅವುಗಳಲ್ಲಿ ಕೆಲವು ಗೊಂದಲ ಹೆಚ್ಚಿಸುತ್ತವೆ.

ಮನೆಯ ಇನ್ನೊಬ್ಬರು ಮುಂಚೆಯೇ ಹೋಗಿ ಕೋಣೆ ಸಿದ್ಧಪಡಿಸಿರಬೇಕು. ಹಳೆಯ ಹೊದಿಕೆಯನ್ನು ಒಗೆಯದೆ ಹಾಗೆಯೇ ಹಾಸಿ. ಪರಿಚಿತ ವಾಸನೆ ಬಹಳ ಕೆಲಸ ಮಾಡುತ್ತದೆ. ಮಂಚದಿಂದ ಅವರು ಯಾವ ಮಗ್ಗುಲಿಗೆ ಇಳಿಯುತ್ತಿದ್ದರೋ ಅದೇ ಮಗ್ಗುಲಿಗೆ ಶೌಚಾಲಯ ಬರುವಂತೆ ಮಂಚವನ್ನು ತಿರುಗಿಸಿಡಿ. ದೇವರ ಪಟ, ಗೋಡೆಗೆ ಒಂದೆರಡು ಫೋಟೋ ಇರಲಿ, ಆದರೆ ಮೊಮ್ಮಕ್ಕಳ ಹೊಸ ಫೋಟೋಗಳಿಗಿಂತ ಅವರ ಮದುವೆಯ ಕಾಲದ ಕಪ್ಪು ಬಿಳುಪಿನ ಚಿತ್ರಗಳ ಗುರುತು ಹೆಚ್ಚು ಸಿಗುತ್ತದೆ.

ಎರಡನೆಯ ಸಲ ನಮಗೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು, ಹಳೆಯ ಕೇಂದ್ರದ ಆಯಾ ಒಬ್ಬರು ಒಂದು ದಿನದ ಮಟ್ಟಿಗೆ ಜೊತೆಗೆ ಬಂದದ್ದು. ಅವರ ಕೇಂದ್ರದ ಒಪ್ಪಿಗೆ ಪಡೆದು, ದಿನದ ಕೂಲಿ ಮತ್ತು ಬಸ್ ಖರ್ಚು ಕೊಟ್ಟೆವು. ಅವರು ಹೊಸ ಆಯಾ ಎದುರಿಗೆ ಅಮ್ಮನಿಗೆ ಮಧ್ಯಾಹ್ನದ ಊಟ ಮಾಡಿಸಿದರು, ಸಂಜೆ ಮುಖ ತೊಳೆಸಿದರು, ರಾತ್ರಿಯ ಊಟವನ್ನು ಹೊಸಬರ ಕೈಯಿಂದ ಮಾಡಿಸಿ ತಾವು ಪಕ್ಕದಲ್ಲಿ ಕುಳಿತರು. ನನ್ನ ಹಾಳೆಯಲ್ಲಿ ಬರೆಯಲಾಗದಿದ್ದುದೆಲ್ಲ ಆ ಆರು ಗಂಟೆಗಳಲ್ಲಿ ದಾಟಿತು.

ಆಮೇಲಿನ ವಾರಗಳು

ಮೊದಲ ಹದಿನೈದು ದಿನ ಬರಬೇಡಿ, ಹೊಂದಿಕೊಳ್ಳಲಿ ಎಂದು ಕೆಲವು ಕೇಂದ್ರಗಳು ಹೇಳುತ್ತವೆ. ನನಗೆ ಇದು ಒಪ್ಪಿಗೆಯಿಲ್ಲ. ಅಪರಿಚಿತರ ನಡುವೆ ಒಂದೂ ಪರಿಚಿತ ಮುಖವಿಲ್ಲದಿದ್ದರೆ ಹೊಂದಿಕೊಳ್ಳುವುದಕ್ಕಿಂತ ಕೈಚೆಲ್ಲಿ ಮಂಕಾಗುವವರೇ ಹೆಚ್ಚು, ಮತ್ತು ಆ ಮಂಕನ್ನೇ ಹೊಂದಾಣಿಕೆಯೆಂದು ತಿಳಿಯುವ ಅಪಾಯವಿದೆ. ದಿನ ಬಿಟ್ಟು ದಿನ ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಹೋಗಿ, ಅರ್ಧ ಗಂಟೆ ಇದ್ದು, ತಟ್ಟೆ ಎದುರಿಗೆ ಬಂದು ಅವರ ಗಮನ ಅತ್ತ ಹೊರಳಿದಾಗ ಎದ್ದು ಬನ್ನಿ. "ಮನೆಗೆ ಹೋಗಬೇಕು" ಎಂದರೆ ಇದೇ ನಿಮ್ಮ ಮನೆ ಎಂದು ವಾದಿಸಬೇಡಿ. ಮನೆಯಲ್ಲಿ ಏನು ಕೆಲಸವಿದೆ ಎಂದು ಕೇಳಿ. ಹಸು ಕರೆಯಬೇಕು, ಮಕ್ಕಳು ಶಾಲೆಯಿಂದ ಬರುವ ಹೊತ್ತಾಯಿತು ಎಂದು ಹೇಳತೊಡಗಿದರೆ ಆ ಮಾತಿನಲ್ಲಿಯೇ ಸ್ವಲ್ಪ ಹೊತ್ತು ಜೊತೆಗಿರಿ.

ಸೇರಿದ ದಿನ ತೂಕ ನೋಡಿಸಿ, ಆಮೇಲೆ ವಾರಕ್ಕೊಮ್ಮೆ ನೋಡಿಸಿ. ತೂಕ ಇಳಿಯುತ್ತಿದ್ದರೆ ಊಟ ಮಾಡಿಸುವ ರೀತಿ ಸರಿಹೋಗಿಲ್ಲದಿರಬಹುದು. ಬೀಳುವ ಸಂಭವ ಈ ಮೊದಲ ವಾರಗಳಲ್ಲಿಯೇ ಹೆಚ್ಚು. ಹಗಲೆಲ್ಲ ತೂಕಡಿಸುತ್ತಿದ್ದರೆ ಹೊಸ ಮಾತ್ರೆ ಏನಾದರೂ ಸೇರಿದೆಯೇ ಎಂದು ಕೇಳಿ, ಕೊಟ್ಟ ಔಷಧಿಗಳ ದಾಖಲೆ ನೋಡಿ. ಮೈಮೇಲೆ ಕಾರಣ ತಿಳಿಯದ ಬಾಸುಂಡೆ, ಕಟ್ಟಿಹಾಕಿದ ಗುರುತು ಕಂಡು, ಕೇಳಿದರೆ ಉತ್ತರ ಸಿಗದಿದ್ದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಿ; ಅದು ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ತೆರೆದಿರುತ್ತದೆ.

ಮೂರನೆಯ ವಾರದ ಹೊತ್ತಿಗೆ ನೀವು ಬರೆದುಕೊಟ್ಟ ಹಾಳೆಯನ್ನು ತೆಗೆದುಕೊಂಡು ಹೊಸ ಆಯಾಗಳ ಜೊತೆ ಕುಳಿತುಕೊಳ್ಳಿ. ಯಾವುದು ಇಲ್ಲಿ ಸರಿಬರುತ್ತಿಲ್ಲ, ಯಾವುದನ್ನು ಅವರೇ ಹೊಸದಾಗಿ ಕಂಡುಕೊಂಡಿದ್ದಾರೆ ಎಂದು ಕೇಳಿ, ತಿದ್ದಿ, ಅವರ ಕೈಯಿಂದಲೇ ಬರೆಸಿ, ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ. ಅಮ್ಮನ ಹಾಳೆಯಲ್ಲಿ ನಾಲ್ಕು ಗಂಟೆಯ ಕಾಫಿಯ ಸಾಲಿನ ಕೆಳಗೆ ಅಸ್ಸಾಮಿನ ಹುಡುಗಿಯೊಬ್ಬಳು ಹಿಂದಿಯಲ್ಲಿ ಸೇರಿಸಿದ್ದಳು: ಕಾಫಿಯ ಜೊತೆ ಬಿಡಿಸಲು ಒಂದು ಹಿಡಿ ಅವರೆಕಾಯಿ ಕೊಟ್ಟರೆ ಅಜ್ಜಿ ಆರರವರೆಗೆ ಏಳುವುದಿಲ್ಲ.